ಕತ್ಸುಮಾತನ ಕಾರಿನ ಒಗರು ಕಾಲು

ಹೆಂಡತಿ ಇನ್ನೊಬ್ಬರ ಕಾರಿನಲ್ಲಿ ನಿದ್ದೆ ಮಾಡಿದಳು ಅಂತ ಯಾರಾದರೂ ಊಟ ಬಿಡುತ್ತಾರೆಯೇ? ಗೊತೆಂಬಾ ಎಂಬ ಊರಿನ ಕ್ಷೌರಿಕ ಕತ್ಸುಮಾತ ಬಿಟ್ಟ. ಸೋಮವಾರ ಸಂಜೆ ಸೋಬಾ ಶ್ಯಾವಿಗೆಯ ಮುಂದೆ ಕೂತು ಮೊದಲ ತುತ್ತು ಎತ್ತುವ ಹೊತ್ತಿಗೆ ಅವನ ಹೆಂಡತಿ ತೊಮೊಯೆ ಆ ಮಾತಾಡಿದಳು. ಬೇಕಂತ ಆಡಿದ್ದಲ್ಲ, ಪಾಪ. ದಿನದ ಸುದ್ದಿ ಹೇಳುವ ಹಾಗೆ ಹೇಳಿದಳು.

“ಬೆಳಿಗ್ಗೆ ಬಸ್ ತಪ್ಪಿಹೋಯ್ತು ರೀ. ಉನ್ನೊ ಸಾನ್ ಅದೇ ದಾರೀಲಿ ಹೊರಟಿದ್ರು, ಹತ್ತಿಸ್ಕೊಂಡ್ರು. ಅಕ್ಕನ ಮನೆ ಬಂದಿದ್ದೇ ಗೊತ್ತಾಗ್ಲಿಲ್ಲ. ಕಣ್ಣು ಬಿಟ್ರೆ ಸೆಂಗೊಕುಹಾರಾ!”

“ಕಣ್ಣು ಬಿಟ್ರೆ ಅಂದ್ರೆ?”

“ನಿದ್ದೆ ಹತ್ತಿಬಿಟ್ಟಿತ್ತು.”

“ಎಲ್ಲಿ, ಘಾಟೀಲಾ?”

“ಹೂಂ, ಘಾಟೀಲೇ. ಅದೇನು ಹಾಯಾಗಿ ಹೋಗುತ್ತೆ ಅಂತೀರಿ ಆ ಕಾರು!”

ಕತ್ಸುಮಾತ ಊಟದ ಕಡ್ಡಿಗಳನ್ನು ಕೆಳಗಿಟ್ಟ. ತಟ್ಟೆಯ ಮೂಲೆಯಲ್ಲಿ ಮೂಗಿಗೇರುವ ಖಾರದ ವಸಾಬಿ ಗೆಡ್ಡೆಯನ್ನು ತುರಿದಿಟ್ಟಿತ್ತು. ಅದೂ ಉನ್ನೊನ ತೋಟದ್ದೇ. ಅದನ್ನು ನೋಡಿದ್ದೇ ಮೈಯೆಲ್ಲ ಉರಿಯಿತು. ಹೊಟ್ಟೆ ಸರಿಯಿಲ್ಲ ಎಂದು ಎದ್ದುಹೋದ. ಹೊಟ್ಟೆ ಸರಿಯಿಲ್ಲದ್ದೇನೋ ನಿಜವೇ, ಆದರೆ ಅದರ ಔಷಧಿ ಅಂಗಡಿಯಲ್ಲಿ ಸಿಗುವಂಥದ್ದಲ್ಲ.

ಇದರಲ್ಲಿ ಅಷ್ಟು ಉರಿದುಕೊಳ್ಳುವುದೇನಿದೆ ಎಂದು ನೀವು ಕೇಳಬಹುದು. ಇದೆ. ಕತ್ಸುಮಾತನಿಗೂ ಉನ್ನೊನಿಗೂ ಇದ್ದದ್ದು ಒಂದೇ ಮಾದರಿಯ ಕಾರು: ಎರಡೇ ಸೀಟು, ಮಡಚುವ ಛಾವಣಿ, ನೆಲಕ್ಕೆ ಅಂಟಿಕೊಂಡ ಹಾಗೆ ಕೂರುವ ಪುಟ್ಟ ಗಾಡಿ. ಕತ್ಸುಮಾತನದು ಕೆಂಪು, ವಾರಕ್ಕೊಮ್ಮೆ ಮೇಣ ಹಚ್ಚಿ ಕನ್ನಡಿಯಂತೆ ಇಟ್ಟಿದ್ದ. ಉನ್ನೊನದು ಹಸಿರು, ಬಣ್ಣ ಮಾಸಿದ್ದು, ಒಳಗೆ ಮಣ್ಣು, ಹಿಂದೆ ವಸಾಬಿ ಪೆಟ್ಟಿಗೆ. ಹೀಗಿದ್ದರೂ ತೊಮೊಯೆ ಗಂಡನ ಕಾರು ಹತ್ತುತ್ತಿರಲಿಲ್ಲ. ಹಿಂದೊಮ್ಮೆ ಹತ್ತಿದ್ದಳು. ಒತೊಮೆ ಘಾಟಿಯ ಅರ್ಧದಲ್ಲೇ ಇಳಿದು, ಬೇಲಿ ಹಿಡಿದು ವಾಂತಿ ಮಾಡಿಕೊಂಡು, ಉಳಿದ ದಾರಿಗೆ ಬಸ್ಸಿಗೆ ಕೈ ಅಡ್ಡ ಹಿಡಿದಳು. ಅಂದಿನಿಂದ ಸೆಂಗೊಕುಹಾರಾದ ಅಕ್ಕನ ಮನೆಗೆ ಬಸ್ಸಿನಲ್ಲೇ ಓಡಾಟ. ಕ್ಷೌರದಂಗಡಿಗೆ ಸೋಮವಾರ ರಜೆ. ಹೆಂಡತಿ ಬಸ್ಸು ಹಿಡಿದು ಆ ಕಡೆ ಹೋದರೆ ಗಂಡ ಒಬ್ಬನೇ ಕೆಂಪು ಕಾರಿನಲ್ಲಿ ಘಾಟಿ ಹತ್ತಿ, ನೆತ್ತಿಯ ಪಾರ್ಕಿಂಗಿನಲ್ಲಿ ತನ್ನಂಥವರ ಜೊತೆ ಕಾಫಿ ಕುಡಿದು ಇಳಿಯುತ್ತಿದ್ದ. ಕಾರಿನಿಂದಲೇ ಅವಳಿಗೆ ವಾಂತಿ, ಎಂಥ ಕಾರಾದರೂ ಹಾಗೇ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದ. ಈಗ ನೋಡಿದರೆ ಅದೇ ಕಾರು, ಅದೇ ಘಾಟಿ, ಅದೇ ಹೆಂಡತಿ, ಮತ್ತೆ ನಿದ್ದೆ!

ಉನ್ನೊ ಕೆಟ್ಟವನಾಗಿದ್ದರೆ ಎಷ್ಟೋ ವಾಸಿಯಿತ್ತು. ಅವನು ಕತ್ಸುಮಾತನ ಶಾಲೆಯ ಜೊತೆಗಾರ, ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ವಸಾಬಿ ಬೆಳೆದುಕೊಂಡು, ಸೋಮವಾರ ಬೆಳಿಗ್ಗೆ ಘಾಟಿಯಾಚೆಯ ಹೋಟೆಲುಗಳಿಗೆ ಹಾಕಿ ಬರುತ್ತಿದ್ದ. ಒಳ್ಳೆಯವನು. ಶಾಲೆಯ ಈಜಿನಲ್ಲಿ ಕತ್ಸುಮಾತ ಇಡೀ ಬೇಸಿಗೆ ಅಭ್ಯಾಸ ಮಾಡಿದರೆ ಉನ್ನೊ ಸುಮ್ಮನೆ ಬಂದು ನೀರಿಗೆ ಬಿದ್ದು ಗೆದ್ದ. ಮದುವೆಗೆ ಮುಂಚೆ ತೊಮೊಯೆ ಬೋನ್ ಹಬ್ಬದ ಕುಣಿತಕ್ಕೆ ಮೊದಲು ಹೋದದ್ದು ಉನ್ನೊನ ಜೊತೆ. ಹೋದದ್ದು ಒಂದೇ ಸಲ, ಅದೂ ಊರಿಗೆ ಊರೇ ಹೋಗಿತ್ತು, ಆದರೆ ಕತ್ಸುಮಾತ ಅದನ್ನು ಮರೆತವನಲ್ಲ. ಇನ್ನು ತಲೆಗೂದಲ ವಿಚಾರ. ಕ್ಷೌರಿಕನ ತಲೆ ಮದುವೆಯಾಗಿ ಕೆಲವೇ ವರ್ಷದಲ್ಲಿ ಬೋಳಾಯಿತು. ಉನ್ನೊನ ತಲೆ ಈ ವಯಸ್ಸಿನಲ್ಲೂ ಕಪ್ಪಗೆ, ದಟ್ಟವಾಗಿ, ಬಾಚಣಿಗೆ ಸಿಕ್ಕಿಕೊಳ್ಳುವ ಹಾಗೆ! ತಿಂಗಳಿಗೊಮ್ಮೆ ಆ ಕೂದಲನ್ನು ಕತ್ತರಿಸುವವನು ಯಾರು? ಕತ್ಸುಮಾತನೇ. ಕತ್ತರಿಸಿ, ಗುಡಿಸಿ, ಹೊರಗೆ ಚೆಲ್ಲುವವನೂ ಅವನೇ. ಅದರ ಸಂಕಟ ನನಗೂ ನಿಮಗೂ ಅರ್ಥವಾಗುವಂಥದ್ದಲ್ಲ.

ಆ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ ಕತ್ಸುಮಾತ ಒಂದು ತೀರ್ಮಾನಕ್ಕೆ ಬಂದಿದ್ದ. ಉನ್ನೊ ಕಾರಿನ ಕಾಲು ಬದಲಾಯಿಸಿದ್ದಾನೆ. ಇಲ್ಲಿನ ಜನ ಕಾರಿನ ಸಸ್ಪೆನ್ಷನ್ನಿಗೆ ಕಾಲು ಎನ್ನುತ್ತಾರೆ. ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಚಕ್ರ ಹಿಡಿದಿರುವ ಕಬ್ಬಿಣದ ತೋಳುಗಳು, ಎಲ್ಲ ಸೇರಿ ಕಾಲು. ಸುಮ್ಮನಿದ್ದುಕೊಂಡೇ, ಯಾರಿಗೂ ಹೇಳದೆ, ದುಬಾರಿ ಕಾಲು ಹಾಕಿಸಿಕೊಂಡಿದ್ದಾನೆ ಕಳ್ಳ! ಇಲ್ಲದಿದ್ದರೆ ತೊಮೊಯೆಗೆ ನಿದ್ದೆ ಬರುವುದುಂಟೇ? ತಾನೂ ಹಾಕಿಸಬೇಕು. ಅವನದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಹಾಕಬೇಕು. ತೊಮೊಯೆ ತನ್ನ ಕಾರಿನ ಎಡಗಡೆಯ ಸೀಟಿನಲ್ಲಿ ಕೂತು, ಒತೊಮೆ ಘಾಟಿಯಲ್ಲಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಬೇಕು. ಕತ್ಸುಮಾತನಿಗೆ ಈ ಜನ್ಮದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಬೇಡವಾಯಿತು.

ಮುಂದಿನ ಸೋಮವಾರ ನೆತ್ತಿಯ ಪಾರ್ಕಿಂಗಿನಲ್ಲಿ ಹಸಿರು ಕಾರು ನಿಂತಿತ್ತು. ಉನ್ನೊ ಅಂಗಡಿಯೊಳಗೆ ಕಾಫಿಗೆ ಹೋಗಿದ್ದ. ಕತ್ಸುಮಾತ ಆಚೀಚೆ ನೋಡಿ, ಬೂಟಿನ ದಾರ ಕಟ್ಟುವವನ ಹಾಗೆ ಮುಂದಿನ ಚಕ್ರದ ಪಕ್ಕ ಮಂಡಿಯೂರಿ, ಕತ್ತು ತಿರುಚಿ ಒಳಗೆ ಇಣುಕಿದ. ಮಣ್ಣಿನ ನಡುವೆ ಶಾಕ್ ಅಬ್ಸಾರ್ಬರು ಕಂಡಿತು. ನೀಲಿ! ಕಡುನೀಲಿ! ಕಂಪನಿಯಿಂದ ಬಂದದ್ದು ಕಪ್ಪಗಿರುತ್ತದೆ. ನೀಲಿ ಅಂದರೆ ಯಾವ ತಯಾರಕರದ್ದೆಂದು ಈ ಹುಚ್ಚು ಹತ್ತಿದ ಎಲ್ಲರಿಗೂ ಗೊತ್ತು.

“ಏನೋ ಕತ್ಸು, ಏನು ಹುಡುಕ್ತಿದೀಯಾ?” ಉನ್ನೊ ಎರಡು ಲೋಟ ಹಿಡಿದು ಬೆನ್ನ ಹಿಂದೆಯೇ ನಿಂತಿದ್ದ.

“ಏನಿಲ್ಲ ಕಣೋ. ಲೇಸ್ ಬಿಚ್ಚಿತ್ತು.”

ಉನ್ನೊ ಬಗ್ಗಿ ನೋಡಿದ. ಕತ್ಸುಮಾತ ಹಾಕಿಕೊಂಡಿದ್ದದ್ದು ಲೇಸೇ ಇಲ್ಲದ ಶೂ. ಉನ್ನೊ ಒಂದು ಲೋಟ ಅವನ ಕೈಗೆ ಕೊಟ್ಟ. ಅದಕ್ಕೂ ಕತ್ಸುಮಾತನಿಗೆ ಸಿಟ್ಟು ಬಂತು. ಒಂದು ಮಾತು ಛೇಡಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಆಮೇಲೆ ಶುರುವಾಯಿತು ನೋಡಿ, ಆಯ್ಕೆಯ ಪುರಾಣ. ಕತ್ತರಿ ಆಡಿಸುತ್ತ ಗಿರಾಕಿಗಳನ್ನೆಲ್ಲ ಕೇಳಿದ. ಟಯರ್ ಅಂಗಡಿಯ ಹಾಸೆಬೆ ಹೇಳಿದ: “ಸ್ಪ್ರಿಂಗ್ ಒಂದೇ ಬದಲಾಯಿಸಿ ಸಾಕು. ಸ್ವಲ್ಪ ತಗ್ಗುತ್ತೆ, ನೋಡೋಕೂ ಚೆಂದ.” ಸೈನ್ಯದ ಶಿಬಿರದ ಹವಾಲ್ದಾರ ಒಬ್ಬ, ತಲೆ ನುಣ್ಣಗೆ ಬೋಳಿಸಿಕೊಳ್ಳುತ್ತ, ತಲೆ ಅಲ್ಲಾಡಿಸಬಾರದು ಅಂದರೂ ಅಲ್ಲಾಡಿಸಿದ: “ಅಯ್ಯೋ, ಹಳೇ ಶಾಕ್‌ಗೆ ಬಿಗಿ ಸ್ಪ್ರಿಂಗ್ ಹಾಕಿದ್ರೆ ಶಾಕ್ ಸತ್ತೇ ಹೋಗುತ್ತೆ. ಎರಡನ್ನೂ ಜೋಡೀಲೇ ತಗೋಬೇಕು. ಮೆತ್ತಗಿರೋದನ್ನೇ ತಗೊಳ್ಳಿ, ಮನೆಯವರನ್ನ ಕೂರಿಸೋದಾದ್ರೆ.” ತಗ್ಗಿಸುವುದೆಷ್ಟು ಎಂಬುದರ ಮೇಲೂ ಚರ್ಚೆ. ಕಾರಿನ ಹೊಟ್ಟೆಯಡಿ ಸಿಗರೇಟ್ ಪ್ಯಾಕನ್ನು ನೆಟ್ಟಗೆ ನಿಲ್ಲಿಸಲು ಬಂದರೆ ಸರಕಾರಿ ತಪಾಸಣೆ ಪಾಸು ಎಂದು ಒಬ್ಬ, ಅದಕ್ಕಿಂತ ಎರಡು ಬೆರಳು ಮೇಲಿರಲಿ, ನಿಮ್ಮಂಗಡಿ ಮುಂದಿನ ಇಳಿಜಾರಿಗೆ ಉಜ್ಜುತ್ತೆ ಎಂದು ಇನ್ನೊಬ್ಬ.

ಎಲ್ಲರ ಮಾತನ್ನೂ ಕತ್ಸುಮಾತ ಹೂಂ ಹೂಂ ಎಂದು ಕೇಳಿದ. ಒಂದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನ ಆಯ್ಕೆ ಆ ಮಂಡಿಯೂರಿದ ಕ್ಷಣದಲ್ಲೇ ಮುಗಿದಿತ್ತು. ನೀಲಿ ಕಂಪನಿಯವರು ಮೂರು ದರ್ಜೆಯಲ್ಲಿ ಮಾಡುತ್ತಾರೆ. ಉನ್ನೊನಂಥ ವಸಾಬಿಯವನು ನಡುವಿನದಕ್ಕಿಂತ ಮೇಲಿನದು ಹಾಕಿರಲಾರ. ಹಾಗಾದರೆ ತನಗೆ ಎಲ್ಲಕ್ಕಿಂತ ಮೇಲಿನದೇ ಆಗಬೇಕು: ಎತ್ತರವನ್ನೂ ಬಿಗಿಯನ್ನೂ ಬೇಕಾದ ಹಾಗೆ ತಿರುಗಿಸಿಕೊಳ್ಳುವ, ರೇಸಿನವರು ಹಾಕುವಂಥ ಕಾಲು. ಮೆತ್ತಗಿರುವುದು ಬೇಕಾದವನು ರೇಸಿನ ಕಾಲು ಯಾಕೆ ತಂದ ಎಂದರೆ, ಹೊಟ್ಟೆಕಿಚ್ಚಿಗೆ ಅಂಥ ಲೆಕ್ಕವೆಲ್ಲ ಎಲ್ಲಿ ಗೊತ್ತಾಗುತ್ತದೆ?

ಊರಿನಲ್ಲಿ ಇಂಥದ್ದನ್ನು ಸರಿಯಾಗಿ ಕೂರಿಸುವವರು ಕುಬೊದೆರಾ ಎಂಬ ಹಿರಿಯರು. ಗ್ಯಾರೇಜು ಮಗನಿಗೆ ಬಿಟ್ಟು, ಈಗ ಬೇಕಾದವರಿಗಷ್ಟೇ ಕೆಲಸ ಮಾಡುತ್ತಿದ್ದರು. ಆದರೆ ಉನ್ನೊನ ಕಾರು ನೋಡಿಕೊಳ್ಳುವವರೂ ಅವರೇ. ಕತ್ಸುಮಾತ ಅಲ್ಲಿಗೆ ಹೋಗುವುದೇ? ಹೋದರೆ ಸುದ್ದಿ ಉನ್ನೊನಿಗೆ ಮುಟ್ಟುವುದಿಲ್ಲವೇ? ಅಂಗಡಿಯ ಹಿಂದೆ ತಾನೇ ಜಾಕ್ ಕೊಟ್ಟು ಕಾರನ್ನು ಎತ್ತಿದ, ನಾಲ್ಕು ಮೂಲೆಗೂ ಕಂಬ ಕೊಟ್ಟು ಗಾಳಿಯಲ್ಲಿ ನಿಲ್ಲಿಸಿದ, ಹಳೆಯದನ್ನು ಬಿಚ್ಚಿದ, ನೀಲಿಯದನ್ನು ಕೂರಿಸಿದ. ತೋಳುಗಳ ಬೋಲ್ಟುಗಳನ್ನು ಒಂದೊಂದಾಗಿ, ಹಲ್ಲು ಕಚ್ಚಿ, ಉನ್ನೊನ ಕತ್ತು ಹಿಡಿದು ತಿರುಚುವವನ ಹಾಗೆ ಬಿಗಿದ. ಆಮೇಲೆ ಕಾರನ್ನು ನೆಲಕ್ಕಿಳಿಸಿ ಸೊಂಟದ ಮೇಲೆ ಕೈಯಿಟ್ಟು ನೋಡಿದ. ಕಾರು ತಗ್ಗಿಗೆ ಬಂದು ಹುಲಿಯಂತೆ ಕೂತಿತ್ತು. ನೋಟಕ್ಕೇನೋ ಬೆಲೆ ಕಟ್ಟುವ ಹಾಗಿರಲಿಲ್ಲ.

ಸೋಮವಾರ ನೆತ್ತಿಯಲ್ಲಿ ಜನ ಸುತ್ತುವರಿದರು. ಕುಬೊದೆರಾ ಸಾನ್ ಕೂಡ ಬಂದರು. ಅವರು ಮಾತು ಕಡಿಮೆಯ ಮನುಷ್ಯ. ಮುಂದಿನ ಚಕ್ರದ ಮೇಲಿನ ಮೈಯನ್ನು ಅಂಗೈಯಿಂದ ಒಮ್ಮೆ ಒತ್ತಿದರು, ಬಿಟ್ಟರು. ಹಿಂದೆ ಹೋಗಿ ಇನ್ನೊಮ್ಮೆ ಒತ್ತಿದರು. ಕಣ್ಣು ಸಣ್ಣ ಮಾಡಿ ಅಂದರು:

“ಶಿಬುಯಿ ಇದೆ, ಕತ್ಸುಮಾತ ಸಾನ್.”

ಈ ಶಿಬುಯಿ ಎಂಬ ಮಾತಿದೆಯಲ್ಲ, ಅದು ನಮ್ಮ ಒಗರು. ಬಲಿಯದ ಪರ್ಸಿಮನ್ ಕಾಯಿ ನಾಲಿಗೆಗೆ ಮಾಡುವುದು ಅದನ್ನೇ. ಆದರೆ ಇಲ್ಲಿನವರು ಒಗರಿಗೆ ಮರ್ಯಾದೆ ಕೊಟ್ಟು ಕೂರಿಸಿದ್ದಾರೆ. ಅಬ್ಬರವಿಲ್ಲದ, ಪಳಗಿದ, ನೋಡಿದಷ್ಟೂ ರುಚಿಸುವ ಚೆಲುವಿಗೆ ಶಿಬುಯಿ ಎನ್ನುತ್ತಾರೆ. ಹಳೆಯ ನಟನ ದನಿ ಶಿಬುಯಿ, ಬೂದು ಬಣ್ಣದ ಒಳ್ಳೆಯ ಕೋಟು ಶಿಬುಯಿ. ಗಂಡಸಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಅದೂ ಯಾರ ಬಾಯಿಂದ? ಕುಬೊದೆರಾ ಬಾಯಿಂದ! ಕತ್ಸುಮಾತ ಸೊಂಟ ಬಗ್ಗಿಸಿ ನಮಸ್ಕರಿಸಿದ, ಓರೆಗಣ್ಣಿನಲ್ಲಿ ಉನ್ನೊನನ್ನು ನೋಡಿದ. ಉನ್ನೊ ಏನೋ ಹೇಳಲು ಬಾಯಿ ತೆರೆದು ಸುಮ್ಮನಾದ. ಉರಿದುಕೊಳ್ಳಲಿ, ಚೆನ್ನಾಗಿ ಉರಿದುಕೊಳ್ಳಲಿ ಎಂದುಕೊಂಡ ಕತ್ಸುಮಾತ.

ಆ ವಾರ ಅಂಗಡಿಗೆ ಬಂದವರೆಲ್ಲ ಆ ಮಾತು ಕೇಳಿಸಿಕೊಂಡೇ ಹೋದರು. ಗಡ್ಡಕ್ಕೆ ಸೋಪು ಹಚ್ಚಿಸಿಕೊಂಡವನು ಎದ್ದು ಹೋಗುವ ಹಾಗಿಲ್ಲವಲ್ಲ. “ಕುಬೊದೆರಾ ಸಾನ್ ಏನಂದ್ರು ಗೊತ್ತಾ? ಶಿಬುಯಿ ಅಂದ್ರು. ಮುಂದೆ ಒತ್ತಿ ನೋಡಿ, ಹಿಂದೆ ಒತ್ತಿ ನೋಡಿ, ಶಿಬುಯಿ ಅಂದ್ರು. ಉನ್ನೊ ಕಾರಿಗೆ ಯಾವತ್ತಾದ್ರೂ ಅಂದಿದಾರಾ? ಕೇಳಿ ಬೇಕಾದ್ರೆ.”

ಹೆಂಡತಿಯನ್ನು ಬೇಡಿಕೊಂಡ. ಇದು ಹಳೆ ಕಾರಲ್ಲ ಕಣೇ, ಕಾಲೇ ಬೇರೆ, ಒಂದೇ ಒಂದು ಸಲ ಕೂತು ನೋಡು ಅಂದ. ತೊಮೊಯೆ ಒಳ್ಳೆಯ ಹೆಂಗಸು. ಸೋಮವಾರ ಬೆಳಿಗ್ಗೆ ಅಕ್ಕನಿಗೆಂದು ಮಾಡಿದ ಉಪ್ಪಿನಕಾಯಿಯ ಡಬ್ಬ ತೊಡೆಯ ಮೇಲಿಟ್ಟುಕೊಂಡು ಹತ್ತಿದಳು. ಮನೆ ಮುಂದಿನ ಇಳಿಜಾರಿನಲ್ಲೇ ಡಬ್ಬ ಒಮ್ಮೆ ಎಗರಿತು. ರೈಲು ಹಳಿ ದಾಟುವಾಗ ತೊಮೊಯೆ ಎಗರಿದಳು. ಕತ್ಸುಮಾತ ಅವಳ ಮುಖವನ್ನೇ ನೋಡುತ್ತಿದ್ದ. “ಹೇಗಿದೆ? ಮೆತ್ತಗಿಲ್ವಾ? ಈಗ? ಈ ತಿರುವಲ್ಲಿ ಹೇಗನ್ನಿಸ್ತು?” ಘಾಟಿಯ ಬುಡದ ಅಂಗಡಿ ಬರುವ ಮೊದಲೇ ಅವಳ ಮುಖ ಹಸಿರಾಗಿತ್ತು.

“ನಿಲ್ಸಿ. ನಿಲ್ಸಿ ಅಂದೆ!”

ಇಳಿದಳು. ಬಸ್ ಸ್ಟಾಪಿನ ಬೆಂಚಿನ ಮೇಲೆ ಡಬ್ಬ ಅಪ್ಪಿಕೊಂಡು ಕೂತು, ನೀವು ಹೋಗಿ ಎಂದು ಕೈಯಾಡಿಸಿದಳು. ಕತ್ಸುಮಾತ ಹೋಗದೆ ಅಲ್ಲೇ ಹಲ್ಲು ಕಡಿಯುತ್ತಿರುವಾಗ, ಬೇಕಂತಲೇ ಬಂದ ಹಾಗೆ ಹಸಿರು ಕಾರು ಬಂತು. ಉನ್ನೊ ಕಿಟಕಿ ಇಳಿಸಿದ.

“ತೊಮೊಯೆ ಸಾನ್, ಆ ಕಡೆಗೇನಾ? ಕತ್ಸು, ಕರ್ಕೊಂಡು ಹೋಗ್ಲೇನೋ?”

ಬೇಡ ಎನ್ನಲು ಮರ್ಯಾದೆ ಅಡ್ಡಬಂತು, ಹೂಂ ಎನ್ನಲು ಹೊಟ್ಟೆಕಿಚ್ಚು ಬಿಡಲಿಲ್ಲ. ತೊಮೊಯೆ ಅಷ್ಟರಲ್ಲೇ ಬಾಗಿಲು ತೆಗೆದಿದ್ದಳು. ಹಸಿರು ಕಾರು ಮೊದಲ ತಿರುವಿನಲ್ಲಿ ಮರೆಯಾಗುವವರೆಗೆ ಕತ್ಸುಮಾತ ನೋಡಿದ. ಅವನಿಗೆ ಅಳು ಬಂದಿತ್ತು ಎಂದು ನಾನು ಹೇಳಿದರೆ ಅವನು ಒಪ್ಪುವುದಿಲ್ಲ. ಬಂದಿತ್ತು.

ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಕತ್ಸುಮಾತ ಕೂಗಿದ: “ನಿನಗೇನು ಗೊತ್ತೇ ಕಾರಿನ ವಿಚಾರ? ಕುಬೊದೆರಾ ಸಾನ್ ಬಾಯಲ್ಲೇ ಶಿಬುಯಿ ಅನ್ನಿಸ್ಕೊಂಡಿದೆ ಅದು!”

ಹಿಂಬಾಗಿಲ ಹತ್ತಿರ ನಿಂತಿದ್ದ ತೊಮೊಯೆ ಜಾರುಬಾಗಿಲನ್ನು ಎರಡೂ ಕೈಯಲ್ಲಿ ಎಳೆದಳು. ಅದು ಕಿರ್ರೆಂದು ಅರ್ಧಕ್ಕೆ ಬಂದು ನಿಂತಿತು. “ಈ ಬಾಗಿಲೂ ಶಿಬುಯಿ ಆಗಿದೆ ಅಂತ ಬೇಸಿಗೆಯಿಂದ ಹೇಳ್ತಿದೀನಿ. ಇದನ್ನ ಯಾರೂ ಬಂದು ಹೊಗಳಿಲ್ಲಪ್ಪ.”

ಕತ್ಸುಮಾತ ಆ ಬಾಗಿಲನ್ನೇ ನೋಡಿದ. ಕದಲದ ಬಾಗಿಲೂ ಶಿಬುಯಿ. ಹಿಡಿದುಕೊಂಡ ಬೀಗವೂ ಶಿಬುಯಿ. ಹುಟ್ಟಿದಂದಿನಿಂದ ಆಡಿಕೊಂಡು ಬಂದ ಮಾತು. ಅದಕ್ಕೆ ಈ ಅರ್ಥವೂ ಇದೆ ಎಂಬುದು ಆ ಹೊಗಳಿಕೆಯ ಅಮಲಿನಲ್ಲಿ ತಲೆಗೇ ಹೊಳೆದಿರಲಿಲ್ಲ. ಕುಬೊದೆರಾ ಅಂಗೈಯಿಂದ ಒತ್ತಿದ್ದು ಕಣ್ಣ ಮುಂದೆ ಬಂತು. ಅವರು ಚೆಲುವು ನೋಡಲು ಒತ್ತಿದ್ದಲ್ಲ. ಕಾಲು ಆಡುತ್ತಿಲ್ಲ, ಹಿಡಿದುಕೊಂಡಿದೆ ಅಂದಿದ್ದರು. ಅದನ್ನು ತಾನು ಊರಿಡೀ ಸಾರಿದ್ದೇನೆ! ಸೋಪು ಹಚ್ಚಿ ಹಚ್ಚಿ ಸಾರಿದ್ದೇನೆ!

ಮುಂದಿನ ಸೋಮವಾರ ಬೆಳಿಗ್ಗೆ ಘಾಟಿಯ ಬುಡದಲ್ಲಿರುವ ಕುಬೊದೆರಾ ಅವರ ಶೆಡ್ಡಿಗೆ ಕಾರು ತಂದು ನಿಲ್ಲಿಸಿದ. ತೊಮೊಯೆಯೂ ಜೊತೆಗೆ ಬಂದಿದ್ದಳು. ಅಷ್ಟು ದೂರ ಹೇಗೋ ತಡೆದುಕೊಂಡರೆ ಅಲ್ಲಿಂದ ಬಸ್ಸು ಸಿಗುತ್ತದೆ ಎಂಬ ಲೆಕ್ಕ ಅವಳದು. ಒಳಗೆ ನೋಡಿದರೆ ಯಾರಿದ್ದಾರೆ? ಉನ್ನೊ, ಎಣ್ಣೆ ಬದಲಾಯಿಸಿಕೊಳ್ಳುತ್ತ.

“ಅವತ್ತು ಸರಿಯಾಗಿ ಹೇಳಬಾರದಿತ್ತಾ, ಕುಬೊದೆರಾ ಸಾನ್?”

“ಹೇಳಿದ್ನಲ್ಲ. ನೀನು ಬಗ್ಗಿ ಕೈಮುಗಿದೆ, ಥ್ಯಾಂಕ್ಸ್ ಅಂದೆ, ನಗ್ತಾ ಹೋದೆ. ಇವನಿಗೆ ಒಗರೇ ಇಷ್ಟವೇನೋ ಅಂದ್ಕೊಂಡೆ.” ಮುದುಕ ಕಾರಿನಡಿ ತಲೆ ಹಾಕಿದರು. “ಬೋಲ್ಟ್ ಬಿಗಿಯೋವಾಗ ಕಾರು ಎಲ್ಲಿತ್ತು?”

“ಕಂಬದ ಮೇಲೆ.”

“ಚಕ್ರ ನೇತಾಡ್ತಿತ್ತು?”

“ಹೂಂ.”

“ಅದೇ ಮತ್ತೆ. ತೋಳಿನ ಬುಡದಲ್ಲಿ ರಬ್ಬರ್ ಬುಷ್ ಇರುತ್ತಲ್ಲ, ನೇತಾಡ್ತಿರೋವಾಗ ಬಿಗಿದ್ರೆ ಅದು ಹಾಗೇ ಅಂಟ್ಕೊಳ್ಳುತ್ತೆ. ನೆಲಕ್ಕಿಳಿಸಿದ ತಕ್ಷಣ ತಿರುಚಿಕೊಂಡು ನಿಲ್ಲುತ್ತೆ. ಆಮೇಲೆ ಮೇಲಕ್ಕೂ ಬರಲ್ಲ, ಕೆಳಕ್ಕೂ ಹೋಗಲ್ಲ. ಕಾರು ತನ್ನ ಭಾರದಲ್ಲಿ ತಾನು ನಿಂತ ಮೇಲೆ ಬಿಗೀಬೇಕಪ್ಪ. ಅಷ್ಟು ಅವಸರ ಏನಿತ್ತು ನಿನಗೆ?”

ಅವಸರ ಏನಿತ್ತೆಂದು ಕತ್ಸುಮಾತ ಹೇಗೆ ಹೇಳಿಯಾನು? ಅವಸರದ ಕಾರಣವೇ ಅಲ್ಲಿ ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ನಿಂತಿತ್ತು.

“ನಾನೂ ಅವತ್ತು ಹೇಳೋಣ ಅಂತಿದ್ದೆ,” ಅಂದ ಉನ್ನೊ. “ನೀನು ಅಷ್ಟು ಖುಷಿಯಾಗಿದ್ದೆ, ಬಾಯಿ ಬರ್ಲಿಲ್ಲ.”

“ನಿನ್ನದನ್ನ ಇವರೇ ಕೂರಿಸಿದ್ದಲ್ವಾ? ನಿನಗೇನಪ್ಪ!”

“ನನ್ನದು ಯಾವುದು?”

“ಆ ನೀಲಿ ಕಾಲು! ನಾನು ನೋಡಿಲ್ಲ ಅಂದ್ಕೊಂಡಿದೀಯಾ?”

ಉನ್ನೊ ಕುಬೊದೆರಾ ಮುಖ ನೋಡಿದ. ಕುಬೊದೆರಾ ಉನ್ನೊನ ಮುಖ ನೋಡಿದರು. ಮೊದಲು ನಕ್ಕವರು ಮುದುಕ; ನಗುತ್ತ ನಗುತ್ತ ಟಯರಿನ ಮೇಲೆ ಕೂತೇಬಿಟ್ಟರು.

“ಅಯ್ಯೋ ಕತ್ಸು, ಅದು ಕಂಪನಿಯಿಂದ ಬಂದದ್ದೇ ಕಣೋ! ತುಕ್ಕು ಹಿಡೀತಿತ್ತು ಅಂತ ಬಣ್ಣ ಬಳಿದೆ. ವಸಾಬಿ ಶೆಡ್ಡಿನ ಬಾಗಿಲಿಗೆ ತಂದಿದ್ದು ಉಳಿದಿತ್ತು.”

ತೊಮೊಯೆ ಮುಖ ತಿರುಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಕತ್ಸುಮಾತನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಮಾನವಾದರೆ ಹೊಟ್ಟೆಕಿಚ್ಚು ಆರಬೇಕು ತಾನೇ? ಆರಲಿಲ್ಲ, ಭುಗಿಲೆಂದಿತು. ಹಳೆಯ, ತುಕ್ಕು ಹಿಡಿದ, ಬಾಗಿಲ ಬಣ್ಣ ಬಳಿದ ಕಾಲಿನಲ್ಲಿ ಇವಳಿಗೆ ನಿದ್ದೆ ಬಂತೇ? ಹಾಗಾದರೆ ಸರಿಮಾಡಿದ ಈ ಕಾಲಿನಲ್ಲಿ ಇನ್ನೆಷ್ಟು ಬರಬೇಡ! ಬರಲಿ, ಇವತ್ತೇ ಬರಲಿ, ಆ ಉನ್ನೊನೂ ನೋಡಲಿ.

ಕುಬೊದೆರಾ ಕಾರನ್ನು ಹಲಗೆಗಳ ಮೇಲೆ ಹತ್ತಿಸಿ, ಬೋಲ್ಟುಗಳನ್ನೆಲ್ಲ ಸಡಿಲಿಸಿ, ಕಾರಿನ ಮೈಯನ್ನು ಕೈಯಿಂದ ಹತ್ತಾರು ಸಲ ಕುಲುಕಿ, ಅದು ತಾನಾಗಿ ನಿಂತ ಕಡೆ ಬಿಟ್ಟು ಮತ್ತೆ ಬಿಗಿದರು. ಬಿಗಿಯ ಗುಂಡಿಯನ್ನೂ ಮೆತ್ತಗಿನ ಕಡೆಗೆ ತಿರುಗಿಸಿದರು. ಆಮೇಲೆ ಮುಂದಿನ ಮೈ ಒತ್ತಿ ಬಿಟ್ಟರು. ಕಾರು ಮೆಲ್ಲಗೆ ಬಗ್ಗಿ, ಮೆಲ್ಲಗೆ ಎದ್ದಿತು.

“ಈಗ ಘಾಟಿ ಹತ್ತಿಸು. ಆದ್ರೆ ಒಳಗೆ ಕೂತ್ರೆ ಕಾಲು ಆಡೋದು ಕಾಣಲ್ಲ. ಬೇರೆ ಯಾರಾದ್ರೂ ಓಡಿಸ್ಲಿ, ನೀನು ಹಿಂದೆ ಹೋಗಿ ನೋಡು.”

“ಉನ್ನೊ ಓಡಿಸ್ಲಿ!” ಕತ್ಸುಮಾತ ಥಟ್ಟನೆ ಅಂದ. “ತೊಮೊಯೆ ಪಕ್ಕದಲ್ಲಿ ಕೂರ್ಲಿ. ನಾನು ಅವನ ಕಾರಲ್ಲಿ ಹಿಂದೆ ಬರ್ತೀನಿ.”

ಅವನ ಮನಸ್ಸಿನಲ್ಲಿದ್ದದ್ದು ಇಷ್ಟೇ: ಆ ಸ್ಟೇರಿಂಗು ಉನ್ನೊನ ಕೈಗೆ ಸಿಗಬೇಕು, ಒಳ್ಳೆಯ ಕಾಲೆಂದರೆ ಏನೆಂದು ಅವನಿಗೆ ಗೊತ್ತಾಗಬೇಕು, ಒಮ್ಮೆಯಾದರೂ ಅವನ ಹೊಟ್ಟೆ ಉರಿಯಬೇಕು. ಇಷ್ಟು ವರ್ಷ ಒಬ್ಬನೇ ಉರಿದು ಸಾಕಾಗಿತ್ತು. ತೊಮೊಯೆ ಒಂದು ಕ್ಷಣ ಯೋಚಿಸಿ, ಸರಿ ಎಂದು ಹತ್ತಿದಳು.

ಬಿಸಿಲು ಚೆನ್ನಾಗಿತ್ತು. ಉನ್ನೊ ಛಾವಣಿ ಮಡಚಿದ. ಕೆಂಪು ಕಾರು ಮುಂದೆ, ಹಸಿರು ಹಿಂದೆ. ಉನ್ನೊನ ಕಾರಿನೊಳಗೆ ಹಸಿ ಮಣ್ಣಿನ ವಾಸನೆ. ಎಲ್ಲೋ ಏನೋ ಕಟಕಟ ಅನ್ನುತ್ತಿತ್ತು. ಸೀಟು ಒಂದು ಕಡೆಗೆ ಕುಸಿದಿತ್ತು. ಇದರಲ್ಲಾ ನಿದ್ದೆ ಬಂದದ್ದು ಎಂದು ಕತ್ಸುಮಾತ ಮೂಗು ಮುರಿದ. ಕಣ್ಣು ಮಾತ್ರ ಮುಂದಿನ ಕಾರಿನ ಚಕ್ರದ ಮೇಲಿತ್ತು. ಅಬ್ಬಾ, ಏನು ಕಾಲದು! ರಸ್ತೆಯ ಪ್ರತಿ ಉಬ್ಬಿಗೂ ಚಕ್ರ ಮೇಲೆದ್ದು ಇಳಿಯುತ್ತಿತ್ತು, ಮೈ ಮಾತ್ರ ಕದಲುತ್ತಿರಲಿಲ್ಲ. ತಿರುವಿನಲ್ಲಿ ಹೊರಗಿನ ಕಾಲು ಮೆತ್ತಗೆ ಮಡಿಸಿಕೊಂಡು, ತಿರುವು ಮುಗಿದ ಮೇಲೆ ಮೆತ್ತಗೆ ನೀಡಿಕೊಳ್ಳುತ್ತಿತ್ತು. ತನ್ನ ಕಾರು! ತಾನು ಆರಿಸಿ ತಂದ ಕಾಲು! ಕತ್ಸುಮಾತ ಒಬ್ಬನೇ ಗಟ್ಟಿಯಾಗಿ ನಕ್ಕ.

ಆಗ ಕಣ್ಣು ಚಕ್ರದಿಂದ ಮೇಲಕ್ಕೆ ಹೋಯಿತು. ಎಡಗಡೆಯ ಸೀಟಿನ ಮೇಲೆ ತೊಮೊಯೆಯ ತಲೆ ಕಾಣುತ್ತಿತ್ತು. ಅದು ಒಂದು ತಿರುವಿನಲ್ಲಿ ಸ್ವಲ್ಪ ವಾಲಿತು. ಮುಂದಿನ ತಿರುವಿನಲ್ಲಿ ಇನ್ನಷ್ಟು ವಾಲಿತು. ಆಮೇಲೆ ನೆಟ್ಟಗಾಗಲೇ ಇಲ್ಲ. ಬಾಗಿಲಿನ ಕಡೆಗೆ ಒರಗಿ, ಹಣೆಯ ಕೂದಲು ಗಾಳಿಗೆ ಹಾರುತ್ತ, ಅವಳು ನಿದ್ದೆ ಹೋಗಿದ್ದಳು. ಅವನದೇ ಕಾರಿನಲ್ಲಿ, ಅವನು ಬೇಡಿಕೊಂಡಂತೆಯೇ, ಒತೊಮೆ ಘಾಟಿಯಲ್ಲಿ. ಪಕ್ಕದಲ್ಲಿ ಉನ್ನೊ ದಟ್ಟ ಕೂದಲಿನ ತಲೆಯನ್ನು ಒಂದಿಷ್ಟೂ ಅತ್ತಿತ್ತ ತಿರುಗಿಸದೆ, ಎದುರಿಗೇ ನೋಡಿಕೊಂಡು ಓಡಿಸುತ್ತಿದ್ದ. ಕತ್ಸುಮಾತ ಹಾರ್ನಿನ ಮೇಲೆ ಕೈಯಿಟ್ಟ. ಒತ್ತಲಿಲ್ಲ. ಒತ್ತಿದ್ದರೆ ಅವಳಿಗೆ ಎಚ್ಚರವಾಗುತ್ತಿತ್ತು.

ನೆತ್ತಿಯಲ್ಲಿ ತೊಮೊಯೆ ಕಣ್ಣುಜ್ಜಿಕೊಳ್ಳುತ್ತ ಇಳಿದಳು. “ಅಯ್ಯೋ, ನಿದ್ದೆ ಬಂದೇಬಿಡ್ತು ರೀ! ಎಷ್ಟು ಚೆನ್ನಾಗಾಗಿದೆ ನಿಮ್ಮ ಕಾರು!”

ಈ ಮಾತಿಗಾಗಿ ಅವನು ಎಷ್ಟು ಒದ್ದಾಡಿದ್ದ! ಈಗ ಅದು ಬಂದಿತ್ತು, ಬಿಸಿಬಿಸಿಯಾಗಿ, ಹೆಂಡತಿಯ ಬಾಯಿಂದಲೇ. ನುಂಗಲಾಗಲಿಲ್ಲ, ಉಗುಳಲಾಗಲಿಲ್ಲ.

“ಒಳ್ಳೆ ಕಾಲು ಕಣೋ ಕತ್ಸು,” ಅಂದ ಉನ್ನೊ, ಬೀಗದ ಕೈ ಚಾಚುತ್ತ. ಅವನ ಮುಖದಲ್ಲಿ ಹೊಟ್ಟೆಕಿಚ್ಚಿನ ಗೆರೆಯನ್ನು ಕತ್ಸುಮಾತ ಹುಡುಕಿದ. ಹಾಳಾದವನ ಮುಖದಲ್ಲಿ ಒಂದೂ ಇರಲಿಲ್ಲ. ನಿಜವಾಗಿ ಖುಷಿಪಟ್ಟಿದ್ದ. ಹಸಿರು ಕಾರು ಹತ್ತಿ ವಸಾಬಿ ಹಾಕಲು ಹೊರಟುಹೋದ.

ಅಲ್ಲಿಂದ ಅಕ್ಕನ ಮನೆಗೆ ಇಳಿಯುವ ದಾರಿ ಗಂಡಹೆಂಡಿರದು. ಕತ್ಸುಮಾತ ಹಲ್ಲು ಕಚ್ಚಿಕೊಂಡ. ಮೆತ್ತಗಿದೆಯಾ ಎಂದು ಕೇಳಲಿಲ್ಲ, ಹೇಗಿದೆ ಎಂದು ಕೇಳಲಿಲ್ಲ. ಉನ್ನೊನಿಗಿಂತ ನಿಧಾನವಾಗಿ ಓಡಿಸಿದ. ತೊಮೊಯೆಗೆ ವಾಂತಿ ಬರಲಿಲ್ಲ. ನಿದ್ದೆಯೂ ಬರಲಿಲ್ಲ. ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಗಿಲ ಹಿಡಿ ಹಿಡಿದುಕೊಂಡು, ತಿರುವು ತಿರುವಿಗೂ ಬಲಗಾಲಿನಿಂದ ಇಲ್ಲದ ಬ್ರೇಕನ್ನು ಒತ್ತುತ್ತ ಕೂತಿದ್ದಳು. ಕೊನೆಗೆ ಅವನಿಗೆ ತಡೆಯಲಾಗಲಿಲ್ಲ.

“ಅವನು ಓಡಿಸಿದ್ರೆ ನಿದ್ದೆ ಬರುತ್ತೆ. ನಾನು ಓಡಿಸಿದ್ರೆ ಯಾಕೆ ಬರಲ್ಲ? ಹೇಳು. ನಾನೇನು ಮಾಡಿದೀನಿ?”

ತೊಮೊಯೆಗೆ ಸಿಟ್ಟು ಬರಲಿಲ್ಲ. ಎದುರಿನ ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದಳು:

“ಉನ್ನೊ ಸಾನ್ ರಸ್ತೆ ನೋಡ್ತಾರೆ. ನೀವು ನನ್ನ ಮುಖ ನೋಡ್ತೀರಿ. ಮದುವೆಯಾದಾಗಿಂದ ಹೀಗೇ. ಇಬ್ಬರಲ್ಲಿ ಒಬ್ಬರಾದ್ರೂ ರಸ್ತೆ ನೋಡ್ಬೇಕಲ್ಲ, ನಾನು ಹೇಗೆ ಮಲಗ್ಲಿ?”

ಕತ್ಸುಮಾತ ಎರಡು ಕೈಯಲ್ಲೂ ಸ್ಟೇರಿಂಗ್ ಹಿಡಿದು ರಸ್ತೆ ನೋಡಿದ. ಒಂದು ತಿರುವು ದಾಟಿತು, ಇನ್ನೊಂದು ದಾಟಿತು. ಕಾಲುಗಳು ಕೆಳಗೆ ತಮ್ಮ ಪಾಡಿಗೆ ತಾವು ಮಡಿಸಿ ನೀಡಿಕೊಳ್ಳುತ್ತಿದ್ದವು. ಪಕ್ಕದಲ್ಲಿ ಸದ್ದಿಲ್ಲ. ಕಣ್ಣು ಮುಚ್ಚಿಕೊಂಡಳೇ? ಮುಚ್ಚಿಕೊಂಡಿರಬಹುದೇ? ಅವನ ಕಣ್ಣು ಮೆಲ್ಲಗೆ ಎಡಕ್ಕೆ ಹೊರಳಿತು.

“ರಸ್ತೆ,” ಅಂದಳು ತೊಮೊಯೆ.